ಎರಡು ಕಡೆಗೆ ಹೋದ ಒಂದೇ ಫೋಟೋ

ಹುಡುಗನ ಕಡೆಯವರಿಗೆ ಕಳಿಸಲು ತೆಗೆಸಿದ ಫೋಟೋವನ್ನೇ ಕೆಲಸದ ಅರ್ಜಿಗೂ ಅಂಟಿಸುವ ಹೆಣ್ಣುಮಕ್ಕಳನ್ನು ಆಪ್ತಸಲಹೆಗಾರ್ತಿಯಾಗಿ ಉಡುಪಿ, ಮಂಗಳೂರು ಎರಡೂ ಕಡೆ ಮತ್ತೆ ಮತ್ತೆ ನೋಡುತ್ತಿದ್ದೇನೆ. ಅವರಲ್ಲಿ ಒಬ್ಬಳ ವಿಷಯ ಇದು. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಇಪ್ಪತ್ತೆಂಟರ ಆಸುಪಾಸು. ಎಂ.ಕಾಂ. ಮುಗಿಸಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ. ಜಿಎಸ್‌ಟಿ, ಆಡಿಟ್ ಎಲ್ಲ ಕೈಗೆ ಹತ್ತಿದೆ, ದೊಡ್ಡ ಕಂಪನಿಗೆ ಹೋಗುವ ಆಸೆ. ಆದರೆ ಅರ್ಜಿ ಕಳಿಸಿದ ರಾತ್ರಿ ನಿದ್ದೆಯಿಲ್ಲ. ಉತ್ತರ ಬಾರದಿದ್ದರೆ ಊಟವೂ ಸೇರುವುದಿಲ್ಲ. ಸಂದರ್ಶನದ ಭಯ ಎಂದುಕೊಂಡೇ ನನ್ನ ಬಳಿ ಬಂದಿದ್ದಳು. ಮೊದಮೊದಲು ನಾವು ಮಾತಾಡಿದ್ದೂ ಅದನ್ನೇ.

ಒಂದು ದಿನ, ಕಳಿಸಿದ ಬಯೋಡೇಟಾ ತೋರಿಸು ಎಂದೆ. ಫೋನು ಮುಂದಿಟ್ಟಳು. ಮೇಲಿನ ಮೂಲೆಯಲ್ಲಿ ಫೋಟೋ: ಹಸಿರು ರೇಷ್ಮೆ ಸೀರೆ, ಹೆಗಲಿಗೆ ಇಳಿಬಿದ್ದ ಶಂಕರಪುರ ಮಲ್ಲಿಗೆ, ಓರೆ ಮಾಡಿದ ಕುತ್ತಿಗೆ, ಹಿಂದೆ ಸ್ಟುಡಿಯೋದ ಹೂದೋಟ. ಮುಖ ಎದುರಿಗೆ ಕೂತವಳಿಗಿಂತ ಎಷ್ಟೋ ಬೆಳ್ಳಗೆ. ಗದ್ದದ ಮೇಲಿನ ಮಚ್ಚೆಯೇ ಇಲ್ಲ.

"ಮಚ್ಚೆ ಎಲ್ಲಿ ಹೋಯ್ತು?" ಎಂದೆ.

ಬೆರಳು ತಾನಾಗಿ ಗದ್ದಕ್ಕೆ ಹೋಯಿತು. "ಸ್ಟುಡಿಯೋದವರೇ ತೆಗೆದದ್ದು ಮೇಡಂ. ಅಮ್ಮನಿಗೆ ಖುಷಿಯಾಯ್ತು. ಒಳ್ಳೆ ಫೋಟೋ ಉಂಟಲ್ಲ, ಕೆಲಸಕ್ಕೆ ಅಂತ ಮತ್ತೆ ಯಾಕೆ ದುಡ್ಡು ಹಾಕುದು ಅಂದ್ರು." ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. "ಈ ಫೋಟೋ ನೋಡಿಯೇ ಆರೇಳು ಕಡೆಯವರು ಬೇಡ ಅಂದದ್ದು. ಅದನ್ನೇ ಕಂಪನಿಗೂ ಕಳಿಸ್ತೇನೆ. ಅಲ್ಲಿಂದಲೂ ಉತ್ತರ ಬರದಿದ್ರೆ, ಅವರೂ ಮುಖ ನೋಡಿಯೇ ಬೇಡ ಅಂದ ಹಾಗೆ ಆಗ್ತದೆ."

ಇಷ್ಟು ದಿನ ಹುಡುಕುತ್ತಿದ್ದ ಗಂಟು ಅಲ್ಲಿತ್ತು. ಕಂಪನಿಯವರು ಕರೆಯದಿರಲು ನೂರು ಕಾರಣ ಇರಬಹುದು: ಹುದ್ದೆ ಭರ್ತಿಯಾಗಿರಬಹುದು, ಅನುಭವ ಸಾಲದಾಗಿರಬಹುದು. ಅವಳಿಗೆ ಮಾತ್ರ ಅದೆಲ್ಲ ಇನ್ನೊಂದು ಸಂಬಂಧ ತಪ್ಪಿದ ಹಾಗೆಯೇ. ಕರೆ ಬಂದರೂ ಸಂಕಟವೇ. ಇಲ್ಲದ ಬಣ್ಣವನ್ನು ಕಳಿಸಿ, ಇರುವ ಬಣ್ಣದಲ್ಲಿ ಎದುರಿಗೆ ಹೋಗಿ ಕೂರಬೇಕು.

ಬಯೋಡೇಟಾದಿಂದ ಆ ಫೋಟೋವನ್ನು ಇವತ್ತೇ ತೆಗೆ, ಕೆಲಸಕ್ಕೆಂದೇ ಬೇರೆ ತೆಗೆಸು ಎಂದೆ. ಆಪ್ತಸಲಹೆಗಾರರು ಮನಸ್ಸಿನ ಮಾತು ಬಿಟ್ಟು ಸ್ಟುಡಿಯೋದ ವಿಷಯಕ್ಕೆ ಯಾಕೆ ಹೋಗಬೇಕು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿರಾಕರಣೆಯ ನೋವಿನ ಬಗ್ಗೆ ನಾವು ಮಾತಾಡಲಿಲ್ಲವೆಂದಲ್ಲ. ಆದರೆ ಎರಡು ನೋವನ್ನು ಒಂದು ಮಾಡುವ ವಸ್ತು ಕಣ್ಣೆದುರೇ ಇರುವಾಗ ಅದನ್ನು ಮುಟ್ಟದೆ ಮಾತಾಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಮುಖ ಕಂಡ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಜನ ಎದುರಿನವರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುತ್ತಾರೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದ್ದಾರೆ. ಹಾಗಾಗಿ ಫೋಟೋ ಮುಖ್ಯವೇ. ಯಾವ ಕೆಲಸಕ್ಕೆ ಎಂಥದ್ದು ಎಂಬುದು ಅದಕ್ಕಿಂತ ಮುಖ್ಯ. ಲೆಕ್ಕಪತ್ರ, ಬ್ಯಾಂಕು, ಆಡಳಿತದಂಥ ಕೆಲಸಕ್ಕೆ ಎದೆಯಿಂದ ಮೇಲಿನ ಚಿತ್ರ ಸಾಕು: ಕಚೇರಿಗೆ ಉಡುವ ಬಟ್ಟೆಯೇ, ಸಾದಾ ಹಿನ್ನೆಲೆ, ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ. ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್ ಅದನ್ನು ದುಂಡಗೆ ಕತ್ತರಿಸುತ್ತದೆ, ತಲೆಯ ಸುತ್ತ ಜಾಗ ಬಿಟ್ಟಿರಬೇಕು. ಸೆಲ್ಫಿ ಬೇಡ, ತೀರಾ ಹತ್ತಿರದಿಂದ ತೆಗೆದರೆ ಮೂಗು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಐದಡಿ ದೂರದಿಂದ ಬೇರೆಯವರು ತೆಗೆಯಲಿ. ವಾಸ್ತುಶಿಲ್ಪಿ, ಬಾಣಸಿಗ, ಫಿಸಿಯೋಥೆರಪಿಸ್ಟ್ ಆದರೆ ಕೆಲಸದ ಜಾಗದಲ್ಲೇ ತೆಗೆದದ್ದು ಹೆಚ್ಚು ಹೇಳುತ್ತದೆ. ಗಗನಸಖಿಯ ಕೆಲಸಕ್ಕೆ ಪೂರ್ತಿ ನಿಂತ ಚಿತ್ರ ಕೇಳುವುದುಂಟು. ಪಾಸ್‌ಪೋರ್ಟಿಗೆ, ಬ್ಯಾಂಕ್ ಪರೀಕ್ಷೆಗಳಿಗೆ ಅವರವರ ಅಳತೆಯೇ ನಿಯಮ, ಅಲ್ಲಿ ನಮ್ಮ ರುಚಿಗೆ ಜಾಗವಿಲ್ಲ. ಅಮೆರಿಕದ ಕಂಪನಿಗೆ ಕಳಿಸುವ ಬಯೋಡೇಟಾದಲ್ಲಿ ಫೋಟೋ ಹಾಕದಿರುವುದೇ ರೂಢಿ.

ತಿದ್ದುವ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ನಾಳೆ ಹೋಗುವ ಮೊಡವೆ ಅಳಿಸಲಿ. ಹುಟ್ಟಿನಿಂದ ಇರುವ ಮಚ್ಚೆ, ಮೈಬಣ್ಣ ಮುಟ್ಟಬಾರದು. ನಮ್ಮಲ್ಲಿ ಅನೇಕ ಸ್ಟುಡಿಯೋಗಳು ಕೇಳದೆಯೇ ಮುಖ ಬೆಳ್ಳಗೆ ಮಾಡುತ್ತವೆ. ಹಾಗಾಗಿ ತೆಗೆಯುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಅವಳು ಹೇಳಿದಳು. ತಿಳಿನೀಲಿ ಕಾಟನ್ ಕುರ್ತಾ, ಮಚ್ಚೆ ಇದ್ದಲ್ಲೇ ಇದೆ.

ತಾಯಿಗೆ ಸಮಾಧಾನವಿಲ್ಲ. "ಕಪ್ಪಾಗಿ ಕಾಣ್ತಾಳಲ್ಲ ಮೇಡಂ" ಎಂದರು ಫೋನಿನಲ್ಲಿ. ಅವಳ ಬಣ್ಣವೇ ಅದು, ಚೆನ್ನಾಗಿದ್ದಾಳೆ ಎಂದೆ. ಮಗಳು ಅರ್ಜಿ ಹಾಕುವುದನ್ನು ನಿಲ್ಲಿಸಿಲ್ಲ. ಉತ್ತರ ಬಾರದಿದ್ದರೆ, ಹುದ್ದೆ ಭರ್ತಿಯಾಯಿತೇ ಎಂದು ಕಂಪನಿಗೇ ಮೇಲ್ ಬರೆದು ಕೇಳುತ್ತಾಳೆ. ಹುಡುಗನ ಕಡೆಗೆ ಯಾವ ಫೋಟೋ ಹೋಗಬೇಕು ಎಂಬುದರಲ್ಲಿ ಮಾತ್ರ ತಾಯಿ ಮಗಳಿಗೆ ಇನ್ನೂ ಒಮ್ಮತವಿಲ್ಲ. ಮುಂದಿನ ಭೇಟಿಗೆ ಇಬ್ಬರನ್ನೂ ಬರಹೇಳಿದ್ದೇನೆ.