ಸೆಲ್ಸಸ್ ಗ್ರಂಥಾಲಯ ಅಸಲಿಯೋ, ಸೆಟ್ಟೋ?

ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಆಮೇಲೆ, ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಬರೆದರೆ ಆಗದು ಅನ್ನಿಸಿತು. ಟರ್ಕಿಯ ಎಫೆಸಸ್‌ಗೆ ಹೋಗಿ, ಸೆಲ್ಸಸ್ ಗ್ರಂಥಾಲಯದ ಮುಂದೆ ಮನೆಮಂದಿಯೆಲ್ಲ ಫೋಟೋ ತೆಗೆಸಿಕೊಂಡಿರಿ. ವಾಪಸ್ ಬಸ್ ಹತ್ತಿದ ಮೇಲೆ ಗೈಡ್ ತಣ್ಣಗೆ, ‘ಅದನ್ನು 1970ರ ದಶಕದಲ್ಲಿ ಎತ್ತಿ ನಿಲ್ಲಿಸಿದ್ದು’ ಅಂದನಂತೆ. ‘ಅಷ್ಟು ದುಡ್ಡು ಸುರಿದು ಸಿನಿಮಾ ಸೆಟ್ ನೋಡಿ ಬಂದ ಹಾಗಾಯ್ತು. ಇದಕ್ಕಿಂತ ನಮ್ಮ ಹಂಪಿಯೇ ಅಸಲಿ. ಮುಂದಿನ ವರ್ಷ ಗ್ರೀಸ್‌ಗೆ ಹೋಗೋದೋ ಬೇಡವೋ?’ ಅಂತ ಕೇಳಿದ್ದೀರಿ.

ಗೈಡ್ ಸುಳ್ಳು ಹೇಳಿಲ್ಲ. ಅರ್ಧ ಹೇಳಿದ, ಅಷ್ಟೇ.

ಉಳಿದರ್ಧ ಹೀಗಿದೆ. ಎರಡನೇ ಶತಮಾನದ ಆರಂಭದಲ್ಲಿ ಅಕ್ವಿಲಾ ಎಂಬಾತ ತನ್ನ ತಂದೆ ಸೆಲ್ಸಸ್‌ನ ನೆನಪಿಗೆ ಕಟ್ಟಿಸಿದ ಗ್ರಂಥಾಲಯ ಅದು. ಸೆಲ್ಸಸ್ ರೋಮನ್ ಸಾಮ್ರಾಜ್ಯದ ದೊಡ್ಡ ಅಧಿಕಾರಿ. ಅವನ ಅಮೃತಶಿಲೆಯ ಶವಪೆಟ್ಟಿಗೆ ಕಟ್ಟಡದ ಕೆಳಗಿನ ಕೋಣೆಯಲ್ಲೇ ಇದೆ. ಮೂರನೇ ಶತಮಾನದಲ್ಲಿ ಒಳಗೆಲ್ಲ ಸುಟ್ಟುಹೋಯಿತು, ಸುರುಳಿ ಪುಸ್ತಕಗಳೂ ಹೋದವು. ಮುಂಭಾಗದ ಗೋಡೆ ಮಾತ್ರ ಇನ್ನೂ ಕೆಲವು ಶತಮಾನ ನಿಂತಿತ್ತು. ಆಮೇಲೆ ಭೂಕಂಪದಲ್ಲಿ ಅದೂ ಕುಸಿದುಬಿತ್ತು. 1903-04ರಲ್ಲಿ ಆಸ್ಟ್ರಿಯಾದ ಪುರಾತತ್ವ ತಜ್ಞರು ಅಗೆದಾಗ ಕಂಬ, ತೊಲೆ, ಬೋದಿಗೆಗಳ ತುಂಡುಗಳು ಸಿಕ್ಕವು. 1970ರಿಂದ 1978ರವರೆಗೆ ಕೂತು ಯಾವ ತುಂಡು ಯಾವುದರ ಪಕ್ಕದ್ದು ಅಂತ ಹೊಂದಿಸಿ, ಒಂದೊಂದನ್ನೇ ಮೇಲೇರಿಸಿದರು. ಅಂದರೆ ಕಲ್ಲು ಹಳೆಯದು, ಕೆತ್ತನೆ ಹಳೆಯದು, ಜಾಗವೂ ಅದೇ. ಹೊಸದು ಏನೆಂದರೆ, ಅದು ನಿಂತಿರುವುದು.

ಸಿಗದ ತುಂಡುಗಳ ಜಾಗಕ್ಕೆ ಕೃತಕ ಕಲ್ಲು ತುಂಬಿದ್ದಾರೆ. ಅದನ್ನು ಮುಚ್ಚಿಟ್ಟಿಲ್ಲ. ನಿಮ್ಮ ಫೋನಿನಲ್ಲಿರುವ ಫೋಟೋವನ್ನೇ ಸ್ವಲ್ಪ ದೊಡ್ಡದು ಮಾಡಿ ನೋಡಿ. ಎಲೆ ಬಳ್ಳಿಯ ಕೆತ್ತನೆ ಓಡಿಬಂದು ಕೆಲವು ಕಡೆ ಥಟ್ಟನೆ ನಿಂತು, ಸಪ್ಪೆ ಬಣ್ಣದ ನುಣುಪು ಭಾಗ ಶುರುವಾಗುತ್ತದೆ. ಅಲ್ಲಿಂದ ಮುಂದೆ ಇಪ್ಪತ್ತನೇ ಶತಮಾನ. ಗೂಡುಗಳಲ್ಲಿ ನಿಂತ ನಾಲ್ಕು ಹೆಣ್ಣು ವಿಗ್ರಹಗಳು ಮಾತ್ರ ನಕಲು. ಮೂಲ ವಿಗ್ರಹಗಳು ವಿಯೆನ್ನಾದ ಮ್ಯೂಸಿಯಂನಲ್ಲಿವೆ. ಅದಕ್ಕೆ ಬೇಕಾದರೆ ಸಿಟ್ಟು ಮಾಡಿಕೊಳ್ಳಿ, ನಾನೂ ಜೊತೆಗಿರುತ್ತೇನೆ.

ಹಾಗೆ ನೋಡಿದರೆ ನಮ್ಮ ಕಣ್ಣಿಗೆ ಮಣ್ಣೆರಚಿದವರು ಮೂಲತಃ ಕಟ್ಟಿದವರೇ. ನಡುವಿನ ಕಂಬಗಳನ್ನು ಅಂಚಿನ ಕಂಬಗಳಿಗಿಂತ ದೊಡ್ಡದಾಗಿ ಮಾಡಿದ್ದಾರೆ. ಇಕ್ಕಟ್ಟಾದ ಜಾಗದಲ್ಲಿ ಕಟ್ಟಡ ಇರುವುದಕ್ಕಿಂತ ಅಗಲ ಕಾಣಲಿ ಅಂತ!

ನಿಮ್ಮ ದೂರು ಸರಿಹೊಂದುವ ಜಾಗ ಬೇರೆ ಇದೆ, ಅದು ಗ್ರೀಸ್‌ನಲ್ಲೇ ಇದೆ. ಕ್ರೀಟ್ ದ್ವೀಪದ ನಾಸಸ್ ಅರಮನೆ. 1900ರಲ್ಲಿ ಅಲ್ಲಿ ಅಗೆಯಲು ಶುರು ಮಾಡಿದ ಇಂಗ್ಲೆಂಡಿನ ಆರ್ಥರ್ ಇವಾನ್ಸ್, ಮರದ ಕಂಬಗಳಿದ್ದ ಕಡೆ ಕಾಂಕ್ರೀಟ್ ಕಂಬ ಎಬ್ಬಿಸಿ ಕೆಂಪು ಬಣ್ಣ ಬಳಿಸಿದ. ‘ಲಿಲ್ಲಿ ಹೂಗಳ ರಾಜಕುಮಾರ’ ಅಂತ ಹೆಸರಾದ ಅಲ್ಲಿನ ಗೋಡೆಚಿತ್ರ ಇದೆಯಲ್ಲ, ಅದು ಕೆಲವೇ ಚೂರುಗಳಿಂದ ಜೋಡಿಸಿದ್ದು. ಆ ಚೂರುಗಳು ಒಬ್ಬನದೇ ಅಲ್ಲ ಅಂತ ವಾದಿಸುವ ವಿದ್ವಾಂಸರಿದ್ದಾರೆ. ಆಸರೆ ಕೊಡದಿದ್ದರೆ ಅಲ್ಲಿನ ದೊಡ್ಡ ಮೆಟ್ಟಿಲಸಾಲು ಕುಸಿಯುತ್ತಿತ್ತು ಅನ್ನುವುದೂ ನಿಜವೇ. ಆದರೂ ನನಗೆ ಅಲ್ಲಿ ಅರಮನೆ ಕಟ್ಟಿದ ಮಿನೋವನ್ನರಿಗಿಂತ ಇವಾನ್ಸನೇ ಜಾಸ್ತಿ ಕಾಣುತ್ತಾನೆ.

ಅಥೆನ್ಸ್‌ನ ಪಾರ್ಥೆನಾನ್ ದೇವಾಲಯದ ಕಥೆ ಇನ್ನೊಂದು ಬಗೆಯದು. 1687ರಲ್ಲಿ ತುರ್ಕರು ಅದರೊಳಗೆ ಮದ್ದುಗುಂಡು ತುಂಬಿಟ್ಟಿದ್ದಾಗ ವೆನಿಸ್‌ನವರ ಗುಂಡು ಬಿದ್ದು ನಡುವೆಲ್ಲ ಹಾರಿಹೋಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರ್ ಬಿದ್ದ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದು ನಿಲ್ಲಿಸಿದ. ಹಳೇ ಗ್ರೀಕರೂ ಕಬ್ಬಿಣವನ್ನೇ ಬಳಸಿದ್ದರು, ಆದರೆ ಸುತ್ತ ಸೀಸ ಕರಗಿಸಿ ಹೊಯ್ದಿದ್ದರು, ನೀರು ತಾಗುತ್ತಿರಲಿಲ್ಲ. ಬಲಾನೋಸ್ ಸೀಸ ಹೊಯ್ಯಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಎರಡು ಸಾವಿರ ವರ್ಷ ಗಟ್ಟಿಯಾಗಿದ್ದ ಅಮೃತಶಿಲೆಯನ್ನು ಸೀಳಿತು. ಈಗ ಅವನ್ನೆಲ್ಲ ಬಿಚ್ಚಿ ಟೈಟಾನಿಯಂ ಹಾಕುತ್ತಿದ್ದಾರೆ. ತೇಪೆಗೆ ಅದೇ ಪೆಂಟೆಲಿ ಬೆಟ್ಟದ ಕಲ್ಲು. ಹಳೆಯದು ಜೇನುಬಣ್ಣಕ್ಕೆ ತಿರುಗಿದೆ, ಹೊಸದು ಬೆಳ್ಳಗಿದೆ. ಗೈಡ್ ಬೇಕಾಗಿಲ್ಲ, ನೀವೇ ಹೇಳಬಹುದು.

ಇನ್ನು ಹಂಪಿ ಅಂದಿರಿ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಐವತ್ತು ರೂಪಾಯಿ ನೋಟಿನಲ್ಲೂ ಇದೆ. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ ತೆಗೆದ ಫೋಟೋದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಆಮೇಲೆ ಅದನ್ನು ತೆಗೆದುಹಾಕಿದರು. ನಾವು ನೋಡುತ್ತಾ ಬೆಳೆದದ್ದು ಗೋಪುರ ಇಲ್ಲದ ರಥವನ್ನು. ಅದನ್ನು ಯಾರೂ ನಕಲಿ ಅನ್ನಲಿಲ್ಲ, ಅಲ್ವಾ?

ಗ್ರೀಸ್‌ಗೆ ಧಾರಾಳವಾಗಿ ಹೋಗಿ. ಬೇಸಿಗೆಯ ನಡುಮಧ್ಯೆ ಬೇಡ, ಬಿಸಿಲು ಜಾಸ್ತಿ ಅಂತ ಪಾರ್ಥೆನಾನ್ ಇರುವ ಅಕ್ರೊಪೊಲಿಸ್ ಗುಡ್ಡವನ್ನೇ ಮಧ್ಯಾಹ್ನ ಮುಚ್ಚಿದ್ದುಂಟು. ನಾಸಸ್ ನೋಡುವುದಾದರೆ ಅದೇ ದಿನ ಹೆರಾಕ್ಲಿಯಾನ್ ಮ್ಯೂಸಿಯಂಗೂ ಹೋಗಿ. ಅಸಲಿ ಚಿತ್ರದ ಚೂರುಗಳು ಅಲ್ಲಿವೆ, ಎಷ್ಟು ಹಳೆಯದು, ಎಷ್ಟು ಊಹೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಮತ್ತೆ ಎಂದಾದರೂ ಎಫೆಸಸ್ ಕಡೆ ಹೋದರೆ, ಗ್ರಂಥಾಲಯದ ಹತ್ತಿರದ ಇಳಿಜಾರಿನಲ್ಲಿರುವ ಸಾಲುಮನೆಗಳಿಗೆ ಬೇರೆ ಟಿಕೆಟ್ ತಗೊಂಡು ಹತ್ತಿ. ಅಲ್ಲಿ ಒಂದು ಸಭಾಂಗಣದ ಗೋಡೆಗೆ ಹಾಕಿದ್ದ ಅಮೃತಶಿಲೆ ಸುಮಾರು 1,20,000 ಚೂರಾಗಿ ಸಿಕ್ಕಿದೆ. ಅವನ್ನು ಹೊಂದಿಸುವ ಕೆಲಸದ ಮೇಜುಗಳನ್ನು ಮೇಲಿನಿಂದಲೇ ನೋಡಬಹುದು. ಮೆಟ್ಟಿಲು ಬಹಳ ಇವೆ, ಮಂಡಿ ನೋವಿರುವವರು ನಿಧಾನ.

– ಸಂಪಾದಕ