ಗ್ಯಾಂಬಿಯಾಕ್ಕೆ ಹೋಗುವುದಾದರೆ ನದಿ ಹಿಡಿದು ಹೋಗಿ

ಆಫ್ರಿಕಾದ ಪಶ್ಚಿಮ ಕರಾವಳಿಯ ಪುಟ್ಟ ದೇಶ ಗ್ಯಾಂಬಿಯಾ ಬಗ್ಗೆ ಈ ಸಲ ಒಟ್ಟಿಗೇ ಆರು ಪ್ರಶ್ನೆಗಳು ಬಂದಿವೆ. ಹಿಂದಿನ ಒಂದು ಉತ್ತರದಲ್ಲಿ ನಾನು ಅಲ್ಲಿ ಕೆಲಸ ಮಾಡಿದ ವಿಷಯ ಬರೆದಿದ್ದೆ, ಅದರ ಪರಿಣಾಮ ಇರಬೇಕು. ಗೇರುಬೀಜ ಕೊಳ್ಳುವ ವ್ಯಾಪಾರಿಯೊಬ್ಬರ ಪರವಾಗಿ ಆರು ಸೀಸನ್ ಅಲ್ಲಿದ್ದೆ. ಗೋಣಿಯಿಂದ ಬೀಜ ತೆಗೆದು ಕತ್ತರಿಸಿ, ತಿರುಳು ಎಷ್ಟು, ಹಾಳಾದದ್ದು ಎಷ್ಟು ಎಂದು ನೋಡುವುದೇ ನನ್ನ ಕೆಲಸ. ಹಾಗಾಗಿ ನನ್ನನ್ನು ಪ್ರವಾಸಿ ತಜ್ಞ ಅಂದುಕೊಳ್ಳಬೇಡಿ.

ಮೊದಲ ಪ್ರಶ್ನೆ ಓದುಗರೊಬ್ಬರದು: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ನನಗೂ ಹೆಂಡತಿಗೂ ಹಕ್ಕಿ ನೋಡುವ ಹುಚ್ಚು, ಹಳೆಯ ಜಾಗಗಳೂ ಇಷ್ಟ. ಹತ್ತು ದಿನ ಇದೆ. ಗ್ಯಾಂಬಿಯಾ ಚಿಕ್ಕ ದೇಶ, ನಾಲ್ಕು ದಿನ ಸಾಕು, ಉಳಿದ ದಿನ ಸೆನೆಗಲ್ ನೋಡಿ ಅನ್ನುತ್ತಾನೆ ಮಗ. ಸರಿಯೇ?

ಮಗ ನಕ್ಷೆ ನೋಡಿ ಹೇಳಿದ್ದಾರೆ. ನಕ್ಷೆಯಲ್ಲಿ ಅದು ಚಿಕ್ಕದೇ. ಸುಮಾರು 11,300 ಚದರ ಕಿಲೋಮೀಟರ್, ಆಫ್ರಿಕಾದ ಮುಖ್ಯಭೂಮಿಯಲ್ಲಿ ಅದಕ್ಕಿಂತ ಸಣ್ಣ ದೇಶ ಇಲ್ಲ. ಸಮುದ್ರ ತೀರ ಸುಮಾರು 80 ಕಿಲೋಮೀಟರ್ ಅಷ್ಟೇ. ಆದರೆ ದೇಶದ ಆಕಾರ ನೋಡಿ. ಗ್ಯಾಂಬಿಯಾ ನದಿಯ ಎರಡೂ ದಡ ಹಿಡಿದುಕೊಂಡು ಒಳಗೆ ನೂರಾರು ಕಿಲೋಮೀಟರ್ ಉದ್ದಕ್ಕೆ ಮಲಗಿದ ಪಟ್ಟಿ ಅದು. ಸಮುದ್ರದ ಕಡೆ ಬಿಟ್ಟು ಮೂರೂ ಕಡೆ ಸೆನೆಗಲ್. 1889ರಲ್ಲಿ ಬ್ರಿಟಿಷರೂ ಫ್ರೆಂಚರೂ ಕೂತು ಎಳೆದ ಗಡಿ. ಹಡಗಿನ ತೋಪಿನ ಗುಂಡು ಎಲ್ಲಿವರೆಗೆ ಹೋಗುತ್ತದೋ ಅಲ್ಲಿಗೆ ಗೆರೆ ಹಾಕಿದರು ಎಂದು ಅಲ್ಲಿನವರು ಇವತ್ತಿಗೂ ನಗುತ್ತಾರೆ. ಅದು ಬರೀ ಕತೆ, ಆದರೆ ನಕ್ಷೆ ನೋಡಿದರೆ ನಂಬಬೇಕು ಅನ್ನಿಸುತ್ತದೆ.

ನಾಲ್ಕು ದಿನಕ್ಕೆ ಹೋದವರು ಸಮುದ್ರದ ಬದಿಯ ಹೋಟೆಲಿನಲ್ಲೇ ಉಳಿಯುತ್ತಾರೆ. ನಾನೂ ಮೊದಲ ಮೂರು ಸೀಸನ್ ಹಾಗೇ ಕಳೆದೆ. ಗೋದಾಮು, ರೂಮು, ಭಾನುವಾರ ಸಮುದ್ರ. ದೇಶ ನೋಡಿದೆ ಅಂದುಕೊಂಡಿದ್ದೆ. ನಾಲ್ಕನೇ ವರ್ಷ ಬೀಜ ನೋಡಲು ಒಳಗಿನ ಜಂಜನ್‌ಬುರೆಗೆ ಕಳಿಸಿದರು. ಆಗ ಗೊತ್ತಾಯಿತು, ಇಷ್ಟು ದಿನ ಜಗಲಿಯಲ್ಲೇ ಕೂತಿದ್ದೆ, ಮನೆಯೊಳಗೆ ಕಾಲಿಟ್ಟೇ ಇರಲಿಲ್ಲ ಎಂದು. ಆದ್ದರಿಂದ ನನ್ನ ಮಾತು ಇಷ್ಟೇ. ಸೆನೆಗಲ್ ಇನ್ನೊಮ್ಮೆ ಇಟ್ಟುಕೊಳ್ಳಿ. ಹತ್ತು ದಿನವನ್ನೂ ನದಿಗೆ ಕೊಡಿ.

ಮೊದಲ ಮೂರು ದಿನ ಕರಾವಳಿಯಲ್ಲಿರಿ. ಅಬುಕೊ ಕಾಡಿಗೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ನೂರು ಹೆಕ್ಟೇರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕುಡಿಯುವ ನೀರಿನ ಸೆಲೆ ಉಳಿಯಲಿ ಎಂದು 1916ರಲ್ಲಿ ಬೇಲಿ ಹಾಕಿದರು, ಆ ನೆಪದಲ್ಲಿ ಕಾಡೂ ಉಳಿಯಿತು. 1968ರಲ್ಲಿ ರಕ್ಷಿತಾರಣ್ಯ ಆಯಿತು. ಕೆಂಪು ಕೊಲೊಬಸ್ ಕೋತಿಗಳು ತಲೆಯ ಮೇಲೇ ಹಾರಾಡುತ್ತವೆ. ಸಂಜೆ ತಂಜಿಯ ಮೀನುಗಾರರ ಕಡಲ ತೀರಕ್ಕೆ ಹೋಗಿ. ಬಣ್ಣ ಬಳಿದ ಉದ್ದ ದೋಣಿಗಳು ಬರುತ್ತವೆ. ಹೆಂಗಸರು ಎದೆಮಟ್ಟದ ನೀರಿಗಿಳಿದು ಬುಟ್ಟಿ ತುಂಬಿಸಿಕೊಂಡು ತಲೆಮೇಲೆ ಹೊತ್ತು ಬರುತ್ತಾರೆ. ಹಿಂದೆ ಸಾಲಾಗಿ ಹೊಗೆಮನೆಗಳು, ಅಲ್ಲಿ ಬೊಂಗಾ ಮೀನನ್ನು ಹೊಗೆಯಲ್ಲಿ ಒಣಗಿಸುತ್ತಾರೆ. ಆ ವಾಸನೆ ಬಟ್ಟೆಯಿಂದ ಎರಡು ಒಗೆತಕ್ಕೂ ಹೋಗುವುದಿಲ್ಲ, ಹಳೆ ಅಂಗಿ ಹಾಕಿಕೊಳ್ಳಿ.

ಆಮೇಲೆ ರಾಜಧಾನಿ ಬಂಜುಲ್‌ನಿಂದ ಫೆರಿಯಲ್ಲಿ ಬಾರ್ರಾಕ್ಕೆ ದಾಟಿ. ಫೆರಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಯಾರನ್ನೂ ಕೇಳಬೇಡಿ. ಅವರಿಗೂ ಬೇಜಾರು, ನಿಮಗೂ ಬೇಜಾರು. ನೆಲಗಡಲೆ ಕೊಂಡು ಕೂತುಕೊಳ್ಳಿ. ಆಚೆ ದಡದಲ್ಲಿ ಜುಫುರೆ, ಅಲ್ಬ್ರೆಡಾ ಹಳ್ಳಿಗಳು, ಅಲ್ಲಿಂದ ದೋಣಿಯಲ್ಲಿ ಕುಂಟಾ ಕಿಂಟೆ ದ್ವೀಪ, ಗುಲಾಮರ ವ್ಯಾಪಾರದ ಕಾಲದ ಕೋಟೆ ಇದ್ದ ಜಾಗ. ಅದರ ಬಗ್ಗೆ ಬೇರೆ ಪ್ರಶ್ನೆ ಇದೆ, ಕೆಳಗೆ ಹೇಳುತ್ತೇನೆ.

ಉತ್ತರ ದಡದ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಕೌರ್ ಎಂಬ ಊರು. ರಸ್ತೆ ಪಕ್ಕದ ಜೌಗಿನಲ್ಲಿ ನಿಧಾನಕ್ಕೆ ಹುಡುಕಿ. ಹಕ್ಕಿ ಹುಚ್ಚಿನವರು ಯುರೋಪಿನಿಂದ ಅಲ್ಲಿಗೆ ಬರುವುದೇ ಈಜಿಪ್ಶಿಯನ್ ಪ್ಲೋವರ್ ನೋಡಲು. ಮೊಸಳೆ ಹಕ್ಕಿ ಅಂತ ಅದಕ್ಕೆ ಅಡ್ಡಹೆಸರು. ಮೊಸಳೆಯ ಹಲ್ಲಿನ ಸಂದಿ ಚೊಕ್ಕ ಮಾಡುತ್ತದೆ ಎಂಬ ಹಳೆ ಕತೆಗೆ ಸಾಕ್ಷಿ ಇಲ್ಲ, ಆದರೆ ಆ ಕಪ್ಪು, ಬೂದು, ಕೇಸರಿ ಬಣ್ಣಗಳ ಜೋಡಣೆಗೆ ಸಾಕ್ಷಿ ಬೇಕಿಲ್ಲ.

ಇನ್ನೂ ಮುಂದೆ ವಾಸು. ಕಲ್ಲಿನ ವೃತ್ತಗಳ ಜಾಗ. ನನಗೆ ಇಡೀ ದೇಶದಲ್ಲಿ ತುಂಬಾ ಹಿಡಿಸಿದ್ದು ಇದು, ಕಾರಣ ಸ್ವಲ್ಪ ಸ್ವಂತದ್ದು. ನಿಲ್ಲಿಸಿರುವ ಕಂಬಗಳೆಲ್ಲ ಮುರಕಲ್ಲು. ನಾನು ಹುಟ್ಟಿದ ಮನೆ ಗೋಡೆಯೂ ಅದೇ. ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ, ಅದು ನಮಗೆ ಗೊತ್ತು. ಅದನ್ನೇ ಅವರು ಒಂದೇ ತುಂಡಾಗಿ, ಎರಡೂವರೆ ಮೀಟರ್ ಎತ್ತರದವರೆಗೂ, ದುಂಡಗೆ ಕೆತ್ತಿ ಎಬ್ಬಿಸಿ ನಿಲ್ಲಿಸಿದ್ದಾರೆ. ಒಂದೊಂದು ಟನ್‌ಗಟ್ಟಲೆ ತೂಕ. ವೃತ್ತಗಳ ಆಸುಪಾಸು ಸಮಾಧಿಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಕ್ರಿಸ್ತಶಕ 16ನೇ ಶತಮಾನದವರೆಗಿನ ಕಾಲದವು ಎಂದು ಲೆಕ್ಕ. ನಿಲ್ಲಿಸಿದವರು ಯಾರು ಎಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನದಿಯ ಉದ್ದಕ್ಕೂ 350 ಕಿಲೋಮೀಟರ್ ಪಟ್ಟಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಸ್ಮಾರಕಗಳಿವೆ. ಅವುಗಳಲ್ಲಿ ನಾಲ್ಕು ಗುಂಪುಗಳು 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಎರಡು ಸೆನೆಗಲ್‌ನವು, ಎರಡು ಇಲ್ಲಿನವು. ಇಲ್ಲಿನ ಇನ್ನೊಂದು ಕೆರ್ ಬಾಚ್, ಅಲ್ಲಿ ಎರಡು ಕೊಂಬಿನ ಹಾಗೆ ಕವಲೊಡೆದ ಒಂದು ಕಲ್ಲಿದೆ. ಕಂಬಗಳ ತಲೆಯ ಮೇಲೆ ಜನ ಸಣ್ಣ ಕಲ್ಲು ಇಟ್ಟು ಹರಕೆ ಹೊರುತ್ತಾರೆ. ನಾನೂ ಒಂದಿಟ್ಟೆ. ಆ ವರ್ಷ ಬೀಜದ ಗುಣಮಟ್ಟ ಏನೂ ಸುಧಾರಿಸಲಿಲ್ಲ.

ಜಂಜನ್‌ಬುರೆಯಲ್ಲಿ ಎರಡು ರಾತ್ರಿ ಇರಿ. ಅದು ನದಿಯ ನಡುವಿನ ದ್ವೀಪ, ಬಂಜುಲ್‌ನಿಂದ ಸುಮಾರು 300 ಕಿಲೋಮೀಟರ್. ಅಷ್ಟು ಒಳಗೆ ನೀರು ಸಿಹಿ, ಕೆಳಗಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮುಗಿದಿರುತ್ತದೆ, ನೀರಾನೆ ಶುರುವಾಗಿರುತ್ತದೆ. ಕುಂಟೌರ್ ಎಂಬಲ್ಲಿಂದ ದೋಣಿ ಮಾಡಿಕೊಂಡು ಬಬೂನ್ ದ್ವೀಪಗಳ ಕಡೆ ಹೋಗಿ. ಹೆಸರು ಬಬೂನ್, ನೋಡಬೇಕಾದ್ದು ಚಿಂಪಾಂಜಿ. ಗ್ಯಾಂಬಿಯಾದಲ್ಲಿ ಕಾಡು ಚಿಂಪಾಂಜಿ ಅಳಿದೇ ಹೋಗಿತ್ತು. ಬೇಟೆಗಾರರಿಂದ, ಸಾಕಿದವರಿಂದ ಬಿಡಿಸಿದ ಮರಿಗಳನ್ನು 1979ರಿಂದ ಈ ದ್ವೀಪಗಳಲ್ಲಿ ಬಿಟ್ಟು ಮತ್ತೆ ಕಾಡು ಬದುಕು ಕಲಿಸಿದರು. ಈಗ ನೂರಕ್ಕೂ ಹೆಚ್ಚಿವೆ. ದ್ವೀಪಕ್ಕೆ ಇಳಿಯುವ ಹಾಗಿಲ್ಲ, ಇಳಿಸಿ ಎಂದು ಕೇಳಲೂಬೇಡಿ. ನಾನು ಹೋದ ದಿನ ಮೊದಲ ಒಂದು ಗಂಟೆ ಒಂದೂ ಕಾಣಲಿಲ್ಲ. ದೋಣಿಯವ ಇಂಜಿನ್ ನಿಲ್ಲಿಸಿದ. ಎಲ್ಲೋ ಒಳಗಿಂದ ಒಂದು ಕೂಗು, ಅದಕ್ಕೆ ಇನ್ನೊಂದು, ಆಮೇಲೆ ಇಡೀ ಕಾಡೇ ಜಗಳಕ್ಕೆ ಬಿದ್ದ ಹಾಗೆ ಗಲಾಟೆ. ಎರಡು ನಿಮಿಷ. ಮತ್ತೆ ನಿಶ್ಶಬ್ದ. ಕೊನೆಗೆ ಒಂದು ತಾಯಿ, ಬೆನ್ನಿಗೆ ಮರಿ, ಕೊಂಬೆ ಸರಿಸಿ ನಮ್ಮನ್ನು ನೋಡಿ ತಿರುಗಿ ಹೋಯಿತು. ನಾವೇ ಅದಕ್ಕೆ ಅಷ್ಟೇನೂ ರುಚಿಸಲಿಲ್ಲ ಅನ್ನಿಸುತ್ತದೆ.

ವಾಪಸ್ ಬರುವಾಗ ದಕ್ಷಿಣ ದಡ ಹಿಡಿಯಿರಿ, ತೆಂಡಾಬದಲ್ಲಿ ಎರಡು ರಾತ್ರಿ ತಂಗಿ. ಎದುರು ದಡದ ಬಾವೊ ಬೊಲೊಂಗ್ ಜೌಗಿನ ಕಾಲುವೆಗಳಲ್ಲಿ ಬೆಳಗಿನ ದೋಣಿ ತಪ್ಪಿಸಬೇಡಿ. ಸಮಯ ಉಳಿದರೆ ಅದಕ್ಕೂ ಮೊದಲು ಬನ್ಸಾಂಗ್ ಹತ್ತಿರದ ಹಳೆ ಮಣ್ಣಿನ ಕ್ವಾರಿ. ಗೋಡೆ ತುಂಬ ಬಿಲ, ಬಿಲದ ತುಂಬ ಕೆಂಪು ಕೊರಳಿನ ಕಳ್ಳಿಪೀರ. ಕಸದ ಗುಂಡಿಯ ಹಾಗಿರುವ ಜಾಗ ನೋಡಿ ಮೂಗು ಮುರಿಯಬೇಡಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಮಳೆ ಜೂನ್‌ನಿಂದ ಅಕ್ಟೋಬರ್. ಚಳಿಗಾಲದಲ್ಲಿ ಯುರೋಪಿನ ಹಕ್ಕಿಗಳೂ ಬಂದಿರುತ್ತವೆ, ಎಲ್ಲ ಸೇರಿಸಿ ದೇಶದಲ್ಲಿ ದಾಖಲಾದ ಜಾತಿಗಳು ಐನೂರಕ್ಕೂ ಜಾಸ್ತಿ. ನಾನಿದ್ದದ್ದು ಗೇರುಬೀಜದ ಕಾಲ, ಏಪ್ರಿಲ್‌ನಿಂದ ಜೂನ್. ಒಳನಾಡಿನಲ್ಲಿ ಆಗ 40 ಡಿಗ್ರಿ ಸುಲಭವಾಗಿ ದಾಟುತ್ತದೆ. ಆ ದಿನಗಳಲ್ಲಿ ದುಡ್ಡು ಕೊಟ್ಟರೆ ಹೋಗಬಹುದು, ದುಡ್ಡು ಕೊಟ್ಟು ಹೋಗಬಾರದು. ಮನೆಯವಳನ್ನು ಕರೆದುಕೊಂಡು ನಾನು ಪ್ರವಾಸಿಯಾಗಿ ಹೋದದ್ದು ಒಂದು ಜನವರಿಯಲ್ಲಿ. ರಾತ್ರಿ ಶಾಲು ಬೇಕಾಯಿತು.

ಕುಂಟಾ ಕಿಂಟೆ ದ್ವೀಪದಲ್ಲಿ ನೋಡಲು ಏನೂ ಉಳಿದಿಲ್ಲ ಎಂದು ಕೇಳಿದೆ. ಹೋಗಬೇಕೇ?

ಹೋಗಿ. ನೋಡಲು ಕಡಿಮೆಯೇ. ಮುರಿದ ಗೋಡೆ, ಕೆಲವು ಫಿರಂಗಿ, ಬಾವೊಬಾಬ್ ಮರಗಳು. ಅಲೆ ಕೊರೆದು ಕೊರೆದು, ಕೋಟೆ ಬಳಕೆಯಲ್ಲಿದ್ದಾಗ ಇದ್ದ ನೆಲದ ಆರನೇ ಒಂದು ಭಾಗದಷ್ಟೇ ಈಗ ಉಳಿದಿದೆ. 1651ರಲ್ಲಿ ಇಲ್ಲಿ ಮೊದಲ ಕೋಟೆ ಕಟ್ಟಿದವರು ಬಾಲ್ಟಿಕ್ ಸಮುದ್ರದ ಬದಿಯ ಕೋರ್ಲಂಡ್ ಎಂಬ ಸಣ್ಣ ಸಂಸ್ಥಾನದವರು. 1661ರಲ್ಲಿ ಇಂಗ್ಲಿಷರು ಕಸಿದುಕೊಂಡರು, ಆಮೇಲೆ ಫ್ರೆಂಚರು ಮತ್ತೆ ಮತ್ತೆ ಒಡೆದರು. ಜಗಳ ಯಾಕೆ ಅಂದರೆ ನದಿಯ ಬಾಯಿ ಯಾರ ಕೈಯಲ್ಲಿದೆಯೋ ವ್ಯಾಪಾರ ಅವರದ್ದು. ಮೊದಲು ಚಿನ್ನ, ದಂತ, ಆಮೇಲೆ ಮನುಷ್ಯರು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತು. ಕಳ್ಳ ಸಾಗಣೆ ತಡೆಯಲೆಂದು 1816ರಲ್ಲಿ ಈಗಿನ ಬಂಜುಲ್ ಕಟ್ಟಿದರು. ದ್ವೀಪ, ಸುತ್ತಲಿನ ಹಳ್ಳಿಗಳು, ಬಂಜುಲ್‌ನ ಫಿರಂಗಿಗಳು ಎಲ್ಲ ಸೇರಿ 2003ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. ಜೇಮ್ಸ್ ದ್ವೀಪ ಎಂದಿದ್ದ ಹೆಸರು ‘ರೂಟ್ಸ್’ ಕಾದಂಬರಿಯ ಗುಲಾಮ ಕುಂಟಾ ಕಿಂಟೆಯ ಹೆಸರಿಗೆ ಬದಲಾದದ್ದು 2011ರಲ್ಲಿ.

ದ್ವೀಪಕ್ಕಿಂತ ಮೊದಲು ಅಲ್ಬ್ರೆಡಾದ ಸಣ್ಣ ಮ್ಯೂಸಿಯಂ ನೋಡಿ. ಆಗ ಆ ಗೋಡೆಗಳು ಬರೀ ಗೋಡೆಯಾಗಿ ಕಾಣುವುದಿಲ್ಲ.

ಇದಕ್ಕೇ ಸೇರಿಸಿ ಒಂದು ಮಾತು. ಜಂಜನ್‌ಬುರೆಯಲ್ಲಿ ನದಿ ದಡದ ಹಳೆ ಕಟ್ಟಡ ತೋರಿಸಿ ‘ಇದು ಗುಲಾಮರ ಮನೆ’ ಅನ್ನುತ್ತಾರೆ. ನನಗೂ ಮೇಣದ ಬತ್ತಿ ಹಿಡಿದು ನೆಲಮಾಳಿಗೆ ತೋರಿಸಿದರು, ನಾನೂ ಗಂಟಲು ಕಟ್ಟಿಸಿಕೊಂಡೆ. ಆದರೆ ಬ್ರಿಟಿಷರು ಆ ದ್ವೀಪಕ್ಕೆ ಬಂದದ್ದೇ 1823ರಲ್ಲಿ, ಗುಲಾಮರ ವ್ಯಾಪಾರವನ್ನು ತಾವೇ ನಿಲ್ಲಿಸಿದ ಮೇಲೆ, ಕಟ್ಟಡ ಅದಕ್ಕೂ ಆಮೇಲಿನ ವ್ಯಾಪಾರದ ಗೋದಾಮು. ಗೋದಾಮು ನೋಡಿದರೆ ನನಗೆ ಗೊತ್ತಾಗಬೇಕಿತ್ತು, ಅಲ್ವಾ?

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಬೆಳಿಗ್ಗೆ ಏನೂ ತೊಂದರೆ ಇಲ್ಲ. ತಪಲಾಪ ಎಂಬ ಗಟ್ಟಿ ಉದ್ದ ಬ್ರೆಡ್ಡು, ಒಳಗೆ ಅಲಸಂದೆ ಹಿಟ್ಟಿನ ಅಕರಾ ವಡೆ. ರಸ್ತೆ ಬದಿ ಹೆಂಗಸರು ಮಾರುತ್ತಾರೆ. ಅಕ್ಕಿ, ನೆಲಗಡಲೆಯ ಗಂಜಿ ಚುರಾ ಗೆರ್ತೆ ಮೇಲೆ ಮೊಸರು ಹಾಕಿ ಕೊಡುತ್ತಾರೆ, ನನಗೆ ಅದೇ ಪ್ರಾಣ. ಮಧ್ಯಾಹ್ನ ಕಷ್ಟ. ಅನ್ನದ ಮೇಲೆ ನೆಲಗಡಲೆಯ ದೊಮೊದಾ ಸಾರು ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಮಾಂಸವೋ ಮೀನೋ ಬೆಂದಿರುತ್ತದೆ. ‘ಮಾಂಸ ಬೇಡ’ ಅಂದರೆ ತುಂಡು ತೆಗೆದು ಸಾರು ಬಡಿಸುತ್ತಾರೆ, ಅವರ ಲೆಕ್ಕದಲ್ಲಿ ಅದು ಸರಿ. ಹಿಂದಿನ ದಿನವೇ ಹೇಳಿ ಬೇರೆ ಮಾಡಿಸಿ.

ಹಣ, ಲಸಿಕೆ, ಮೋಸ?

ಹಣ ಡಲಾಸಿ. ಬೆಲೆಯಲ್ಲಿ ನಮ್ಮ ರೂಪಾಯಿಯ ಹತ್ತಿರ ಹತ್ತಿರ ಇದೆ, ತಲೆಲೆಕ್ಕ ಸುಲಭ. ಒಳನಾಡಿಗೆ ಹೊರಡುವ ಮೊದಲೇ ನೋಟು ಇಟ್ಟುಕೊಳ್ಳಿ.

ಹಳದಿ ಜ್ವರದ ಲಸಿಕೆ ಕಡ್ಡಾಯ ಅಂದುಕೊಳ್ಳಿ. ಪ್ರಯಾಣಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಪ್ರಮಾಣಪತ್ರ ಇಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಬೇರೆ ಇಡುತ್ತಾರೆ. ವಯಸ್ಸು 60 ದಾಟಿದ್ದರೆ ಲಸಿಕೆಗೆ ಮೊದಲು ವೈದ್ಯರ ಹತ್ತಿರ ಮಾತಾಡಿ. ಮಲೇರಿಯಾ ಮಾತ್ರೆಯನ್ನೂ ಅವರ ಹತ್ತಿರವೇ ಕೇಳಿ.

ಮೋಸ ಅಂದರೆ ಸಮುದ್ರದ ಬದಿಯ ಸಿಹಿ ಮಾತು. ‘ನನ್ನ ಗುರುತು ಸಿಗಲಿಲ್ವಾ? ನಿಮ್ಮ ಹೋಟೆಲಿನ ಅಡುಗೆಯವನು’ ಎಂದು ಒಬ್ಬ ಬಂದ. ಮಗುವಿಗೆ ಹಾಲಿನ ಪುಡಿ ಇಲ್ಲ ಅಂದ. ಐನೂರು ಡಲಾಸಿ ಕೊಟ್ಟೆ. ರೂಮಿಗೆ ಹೋಗುವಾಗ ನೆನಪಾಯಿತು, ನಾನು ಇದ್ದದ್ದು ಬಾಡಿಗೆ ಮನೆ, ಅಡುಗೆಯವನು ನಾನೇ. ಹಕ್ಕಿ ಗೈಡ್ ಬೇಕಿದ್ದರೆ ಕರಾವಳಿಯ ಕೋಟು ಎಂಬಲ್ಲಿನ ಹಳ್ಳದ ಸೇತುವೆ ಹತ್ತಿರ ಸಿಗುತ್ತಾರೆ. ಅವರ ಕಣ್ಣು ಬೈನಾಕ್ಯುಲರ್‌ಗಿಂತ ಚುರುಕು.

ಬಕಾವು ಊರಿನ ಕಚಿಕಲ್ಲಿ ಕೆರೆಯಲ್ಲಿ ಮೊಸಳೆ ಮುಟ್ಟಬಹುದಂತೆ. ನಿಜವೇ? ಅಲ್ಲಿನ ಜನರ ಜೊತೆ ಹೇಗೆ ನಡೆದುಕೊಳ್ಳಬೇಕು?

ನಿಜ, ಮುಟ್ಟುತ್ತಾರೆ. ನಾನು ಮುಟ್ಟಲಿಲ್ಲ, ಮನೆಯವಳು ಮುಟ್ಟಿದಳು. ಅದು ಮಕ್ಕಳಾಗಲಿ ಎಂದು ಹೆಂಗಸರು ಬಂದು ನೀರು ಹಾಕಿಸಿಕೊಳ್ಳುವ ಹರಕೆಯ ಕೆರೆ. ಮೊಸಳೆ ಜೊತೆ ಫೋಟೊ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಅವರಿಗೆ ಅಡ್ಡ ನಿಲ್ಲಬೇಡಿ.

ಎರಡನೆಯದಕ್ಕೆ ಉತ್ತರ ಒಂದೇ. ಮೊದಲು ನಮಸ್ಕಾರ, ಆಮೇಲೆ ಕೆಲಸ. ಮೊದಲ ವರ್ಷ ನಾನು ಗೋದಾಮಿಗೆ ಕಾಲಿಟ್ಟ ಕೂಡಲೇ ‘ಎಷ್ಟು ಗೋಣಿ ಬಂತು?’ ಎಂದು ಕೇಳುತ್ತಿದ್ದೆ. ಕಾವಲಿನ ಅಜ್ಜ ಕಿವಿ ಕೇಳದವರ ಹಾಗೆ ಕೂರುತ್ತಿದ್ದರು. ನಿಜವಾಗಿ ಕಿವುಡರು ಅಂದುಕೊಂಡು ನಾನು ಇನ್ನೂ ಜೋರಾಗಿ ಕೂಗುತ್ತಿದ್ದೆ. ಕೊನೆಗೆ ಲೋಡಿಂಗ್ ಹುಡುಗನೊಬ್ಬ ಹೇಳಿಕೊಟ್ಟ. ‘ಸಲಾಂ ಅಲೈಕುಂ’ ಅನ್ನಬೇಕು. ವೊಲೊಫ್ ಮಾತಿನಲ್ಲಿ ‘ನಂಗಾ ದೆಫ್’, ಅಂದರೆ ಹೇಗಿದ್ದೀರಿ. ಉತ್ತರ ‘ಮಂಗಿ ಫಿ’, ಇಲ್ಲೇ ಇದ್ದೇನೆ. ಮನೆ, ಮಕ್ಕಳು, ಬೆಳಗು ಎಲ್ಲ ವಿಚಾರಿಸಬೇಕು. ಮಾರನೇ ದಿನ ಹಾಗೇ ಮಾಡಿದೆ. ಅಜ್ಜ ಎದ್ದು ಕೈ ಕುಲುಕಿ, ಪಕ್ಕದ ಸ್ಟೂಲು ಒರೆಸಿ ಕೂರಿಸಿದರು. ಇದ್ದಿಲ ಒಲೆಯ ಮೇಲೆ ಅತ್ತಾಯಾ ಚಹಾ ಕುದಿಯುತ್ತಿತ್ತು. ಅದನ್ನು ಮೂರು ಸುತ್ತು ಕುಡಿಯುತ್ತಾರೆ, ಮೊದಲನೆಯದು ಕಹಿ, ಮೂರನೆಯದು ಸಕ್ಕರೆ ಪಾಕ. ಒಂದು ಗಂಟೆ ಹೋಯಿತು. ಎದ್ದು ಹೊರಡುವಾಗ ಅಜ್ಜ ತಾವಾಗಿಯೇ ಹೇಳಿದರು, ಇನ್ನೂರ ಹದಿನಾಲ್ಕು ಗೋಣಿ, ಅದರಲ್ಲಿ ಒಂಬತ್ತು ಒದ್ದೆ.