ಟೇಪಿನ ಅಡಿಗೆ ನುಗ್ಗುವ ಬಣ್ಣ

ಕ್ಯಾನ್ವಾಸಿನ ಮೇಲೆ ಟೇಪ್ ಹಾಕಿ ಬಣ್ಣ ಹಚ್ಚಿದರೂ ತ್ರಿಕೋನದ ಅಂಚು ಹರಡುತ್ತಿದೆ, ಅಕ್ರಿಲಿಕ್ ಬಣ್ಣ ಇನ್ನೂ ಗಟ್ಟಿ ಇರಬೇಕಾ ಅಂತ ಕೇಳಿದ್ದೀರಿ. ಗಟ್ಟಿ ಬಣ್ಣದಿಂದ ಸ್ವಲ್ಪ ಅನುಕೂಲ, ಅಷ್ಟೇ. ಕ್ಯಾನ್ವಾಸಿನ ನೇಯ್ಗೆ ಏರುತಗ್ಗಾಗಿರುವುದರಿಂದ ಟೇಪ್ ಎಲ್ಲ ಕಡೆ ಕೂರುವುದಿಲ್ಲ. ಬಣ್ಣ ಆ ಸಂದುಗಳಲ್ಲೇ ನುಗ್ಗುತ್ತದೆ.

ಮೊದಲು ಟೇಪಿನ ಅಂಚನ್ನು ಉಗುರಿನಿಂದ ಒತ್ತಿ. ಆಮೇಲೆ ಟೇಪಿನ ಕೆಳಗೆ ಯಾವ ಬಣ್ಣ ಇದೆಯೋ ಅದನ್ನೇ ಅಂಚಿನ ಮೇಲೆ ತೆಳುವಾಗಿ ಹಚ್ಚಿ, ಒಣಗಲು ಬಿಡಿ. ನುಗ್ಗಿದರೆ ಅದೇ ನುಗ್ಗಲಿ, ಕಾಣುವುದೇ ಇಲ್ಲ ಅಲ್ವಾ! ಕೆಳಗೆ ಎರಡು ಮೂರು ಬಣ್ಣಗಳಿದ್ದರೆ ಮ್ಯಾಟ್ ಮೀಡಿಯಂ (ಬಣ್ಣ ಬೆರೆಸದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ಹಚ್ಚಿ, ಒಣಗಿದಾಗ ಪಾರದರ್ಶಕವಾಗುತ್ತದೆ. ಅದರ ಮೇಲೆ ಹೊಸ ಬಣ್ಣ, ತೆಳುವಾಗಿ ಎರಡು ಸಲ. ಕೊನೆಯ ಪದರ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಪೂರ್ತಿ ಒಣಗಿದರೆ ಅಂಚು ಹರಿದು ಬರಬಹುದು.